ಮಿನುಗುವ ದೀಪದಿಂದ ಮರೆವಿನ ಕಾಯಿಲೆ ಗುಣವಾದೀತೇ?

ಈ ಸಲ ದಸರಾ ರಜೆಗೆ ಊರಿಗೆ ಹೋಗಿದ್ದೆ. ನಮ್ಮೂರು ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿ. ಜಗಲಿ ಹತ್ತುತ್ತಿದ್ದ ಹಾಗೆ ಅಜ್ಜಿ ನನ್ನ ಮುಖವನ್ನೇ ನೋಡಿ, "ನೀ ಯಾರ ಮನೆ ಮಾಣಿ? ಆಸರಿಗೆ ಎಂತ ಕುಡೀತೆ?" ಅಂತ ಕೇಳಿದಳು. ಬಂದವರಿಗೆ ಆಸರಿಗೆ ಕೇಳಬೇಕು ಅನ್ನೋದು ನೆನಪಿದೆ, ಮೊಮ್ಮಗ ಮರೆತು ಹೋಗಿದ್ದಾನೆ. ಎರಡು ವರ್ಷದಿಂದ ಹೀಗೇ ಸ್ವಲ್ಪ ಸ್ವಲ್ಪವಾಗಿ ಜಾಸ್ತಿ ಆಗ್ತಾ ಬಂದಿದೆ.

ಅವತ್ತು ರಾತ್ರಿ ಚಿಕ್ಕಪ್ಪ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಸೆಕೆಂಡಿಗೆ 40 ಸಲ ಮಿನುಗುವ ಬೆಳಕನ್ನು ದಿನಾ ಒಂದು ಗಂಟೆ ನೋಡಿದ್ರೆ ಮೆದುಳಿನ ಕಸ ಎಲ್ಲಾ ತೊಳೆದು ಹೋಗ್ತದೆ, ಅಲ್ಝೈಮರ್ ವಾಸಿ ಆಗ್ತದೆ ಅಂತ ಅದರಲ್ಲಿತ್ತು. "ನೀ ಇ ಅಂಡ್ ಸಿ ಓದ್ತಾ ಇದ್ದೆ ಅಲ್ದಾ? ಇಂಥದ್ದೊಂದು ದೀಪ ಮಾಡ್ಲೆ ಆಗ್ತಿಲ್ಯ?" ಅಂದ.

ಆಗದೇ ಏನು? ಒಂದು ಆರ್ಡುಯಿನೋ, ಒಂದು ಟ್ರಾನ್ಸಿಸ್ಟರ್, ಒಂದು ಎಲ್‌ಇಡಿ ಪಟ್ಟಿ. ಅರ್ಧ ಗಂಟೆಯ ಕೆಲಸ. ಮಾಡಿಯೂ ಬಿಟ್ಟೆ. ಆದರೆ ಅಜ್ಜಿಯ ಮುಂದೆ ಅದನ್ನು ಹಚ್ಚಲಿಲ್ಲ. ಮೊದಲು ಓದಿ ನೋಡ್ತೇನೆ ಅಂತ ಹೇಳಿ ಹಾಸ್ಟೆಲಿಗೆ ವಾಪಸ್ ತಂದೆ. ಓದಿದ್ದು ಏನು, ದೀಪ ಯಾಕೆ ಇನ್ನೂ ಹಚ್ಚಿಲ್ಲ ಅನ್ನೋದೇ ಈ ಲೇಖನ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಇಂಥ ಅಜ್ಜಿ, ಅಜ್ಜ ಇದ್ದಾರೆ. ಇಂಥ ವಿಡಿಯೋ ನಿಮಗೂ ಬಂದೇ ಬರ್ತದೆ.

ಅರಳು ಮರಳು ಅಲ್ಲ, ಕಾಯಿಲೆ

"ಅರವತ್ತಕ್ಕೆ ಅರಳು ಮರಳು" ಅನ್ನೋ ಮಾತು ನಮ್ಮಲ್ಲಿ ಎಷ್ಟು ಬಳಕೆಯಲ್ಲಿದೆ ಅಂದ್ರೆ, ವಯಸ್ಸಾದವರು ಮರೆತರೆ ಅದು ಸಹಜ ಅಂತ ಸುಮ್ಮನಾಗಿಬಿಡ್ತೇವೆ. ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ಸಹಜ. ಕನ್ನಡಕ ಯಾತಕ್ಕೆ ಅಂತಲೇ ಮರೆಯುವುದು ಕಾಯಿಲೆ. ನೆನಪು, ಮಾತು, ದಾರಿ, ದಿನದ ಕೆಲಸ ಎಲ್ಲವೂ ಕೈ ಬಿಡುತ್ತಾ ಹೋಗುವ ಈ ಸ್ಥಿತಿಗೆ ಡಿಮೆನ್ಷಿಯಾ ಎಂದು ಹೆಸರು. ಅದಕ್ಕೆ ಇರುವ ಕಾರಣಗಳಲ್ಲಿ ಅತಿ ಸಾಮಾನ್ಯವಾದದ್ದು ಅಲ್ಝೈಮರ್ ಕಾಯಿಲೆ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ತನ್ನ ರೋಗಿಯೊಬ್ಬಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎರಡು ವಿಷಯ ವರದಿ ಮಾಡಿದ. ನರಕೋಶಗಳ ಹೊರಗೆ ಗಟ್ಟಿಯಾದ ಕಲೆಗಳು, ಒಳಗೆ ಗಂಟುಬಿದ್ದ ನೂಲುಗಳು. ಕಲೆಗಳಲ್ಲಿ ಇರುವುದು ಅಮಿಲಾಯ್ಡ್ ಬೀಟಾ ಅನ್ನೋ ಪ್ರೋಟೀನ್, ಗಂಟುಗಳಲ್ಲಿ ಇರುವುದು ಟೌ ಅನ್ನೋ ಪ್ರೋಟೀನ್ ಎಂದು ಈಗ ಗೊತ್ತಿದೆ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 7.4 ಶೇಕಡಾ, ಅಂದರೆ 88 ಲಕ್ಷ ಜನ ಡಿಮೆನ್ಷಿಯಾದಲ್ಲಿ ಇದ್ದಾರೆ ಅಂತ 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿದೆ. ಪಟ್ಟಣದಲ್ಲಿ 5.3 ಶೇಕಡಾ ಇದ್ದರೆ ಹಳ್ಳಿಯಲ್ಲಿ 8.4. ಗಂಡಸರಲ್ಲಿ 5.8, ಹೆಂಗಸರಲ್ಲಿ 9. ಅಂದ್ರೆ ಹಳ್ಳಿಯ ಅಜ್ಜಿಯರೇ ಹೆಚ್ಚು. ಡಾಕ್ಟರುಗಳು ಮಾತ್ರ ಪಟ್ಟಣದಲ್ಲಿದ್ದಾರೆ. ವಜ್ರಳ್ಳಿಯಿಂದ ನರರೋಗ ತಜ್ಞರನ್ನು ಕಾಣಬೇಕು ಅಂದ್ರೆ ನಾವು ಹುಬ್ಬಳ್ಳಿ, ಧಾರವಾಡದ ಕಡೆಗೇ ಹೋಗುವುದು.

ಔಷಧಿ ಇಲ್ಲವಾ? ಅಮಿಲಾಯ್ಡನ್ನು ತೆಗೆದುಹಾಕುವ ಲೆಕಾನೆಮ್ಯಾಬ್ ಎಂಬ ಔಷಧಿಗೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಕಾಯಿಲೆಯ ಆರಂಭದಲ್ಲಿ ಇರುವವರಿಗೆ ಮಾತ್ರ. 18 ತಿಂಗಳ ಪರೀಕ್ಷೆಯಲ್ಲಿ ಅದು ಕುಸಿತವನ್ನು 27 ಶೇಕಡಾ ನಿಧಾನ ಮಾಡಿತು, ನಿಲ್ಲಿಸಲಿಲ್ಲ. ಎರಡು ವಾರಕ್ಕೊಮ್ಮೆ ಡ್ರಿಪ್, ಮೆದುಳಲ್ಲಿ ಊತ ಅಥವಾ ರಕ್ತಸ್ರಾವ ಆಗಿದೆಯಾ ಅಂತ ನೋಡಲು ಪದೇ ಪದೇ ಎಂಆರ್‌ಐ, ಅಲ್ಲಿ ಘೋಷಿಸಿದ ಬೆಲೆ ವರ್ಷಕ್ಕೆ 26,500 ಡಾಲರ್. ಇದನ್ನು ಓದಿದ ಮೇಲೆ 300 ರೂಪಾಯಿಯ ಮಿನುಗು ದೀಪದ ಮೇಲೆ ಯಾರಿಗಾದ್ರೂ ಆಸೆ ಹುಟ್ಟುವುದು ತಪ್ಪಲ್ಲ.

ಗಾಮಾ ಅಂದ್ರೆ ಏನು?

ಒಂದು ನರಕೋಶದ ವಿದ್ಯುತ್ ತೀರಾ ಸಣ್ಣದು. ಸಾವಿರಾರು ಕೋಶಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅದು ತಲೆಯ ಮೇಲಿಟ್ಟ ಇಇಜಿ ಎಲೆಕ್ಟ್ರೋಡಿಗೂ ಸಿಗುತ್ತದೆ. ಯಕ್ಷಗಾನದ ಆಟಕ್ಕೆ ದೂರದಿಂದ ನಡೆದು ಬರುವಾಗ ಭಾಗವತರ ಪದ ಕೇಳಿಸುವ ಮೊದಲೇ ಚಂಡೆಯ ಪೆಟ್ಟು ಕೇಳಿಸ್ತದಲ್ಲ, ಹಾಗೆ. ಒಬ್ಬೊಬ್ಬರ ಮಾತು ಕೇಳಿಸದಿದ್ದರೂ ತಾಳ ಕೇಳಿಸುತ್ತದೆ. ಈ ತಾಳಗಳನ್ನು ಅವುಗಳ ಆವರ್ತನದ ಪ್ರಕಾರ ಹೆಸರಿಟ್ಟು ವಿಂಗಡಿಸಿದ್ದಾರೆ. ಕಣ್ಣು ಮುಚ್ಚಿ ಆರಾಮಾಗಿ ಇರುವಾಗ ಕಾಣುವ 8ರಿಂದ 12 ಹರ್ಟ್ಜ್‌ನದ್ದು ಆಲ್ಫಾ. ಸುಮಾರು 30 ಹರ್ಟ್ಜ್‌ನಿಂದ ಮೇಲಿನದ್ದು ಗಾಮಾ. ಏನನ್ನಾದರೂ ಗಮನವಿಟ್ಟು ನೋಡುವಾಗ, ನೆನಪಿಗೆ ತಂದುಕೊಳ್ಳುವಾಗ ಗಾಮಾ ಜಾಸ್ತಿ ಆಗುತ್ತದೆ.

ಈ ತಾಳ ಹಿಡಿಯುವವರು ಯಾರು? ಮೆದುಳಿನಲ್ಲಿ ಉದ್ದೀಪಿಸುವ ಕೋಶಗಳ ಜೊತೆಗೆ ತಡೆಯುವ ಕೋಶಗಳೂ ಇವೆ. ಉದ್ದೀಪಿಸುವವು ಏರುತ್ತವೆ, ತಡೆಯುವವು ತಕ್ಷಣ ಅದುಮುತ್ತವೆ, ಅದುಮಿದ್ದು ಸಡಿಲವಾದ ಕೂಡಲೇ ಮತ್ತೆ ಏರುತ್ತವೆ. ನಾವು ಓದಿದ ಫೀಡ್‌ಬ್ಯಾಕ್ ಆಸಿಲೇಟರ್‌ನ ಹಾಗೆಯೇ. ಅಲ್ಝೈಮರ್ ಇರುವ ಇಲಿಗಳಲ್ಲಿ ಈ ತಡೆಯುವ ಕೋಶಗಳ ಕೆಲಸ ಕೆಟ್ಟು ಗಾಮಾ ದುರ್ಬಲವಾಗಿರುತ್ತದೆ. ಹಾಗಾದ್ರೆ ಹೊರಗಿನಿಂದ ತಾಳ ಹಾಕಿ ಕೊಟ್ಟರೆ ಏನಾಗಬಹುದು? ಇಲ್ಲಿಂದ ಕಥೆ ಶುರುವಾಗುತ್ತದೆ.

ಇಲಿಗಳ ಪೆಟ್ಟಿಗೆಯಲ್ಲಿ ಮಿನುಗಿದ ದೀಪ

2016ರ ಡಿಸೆಂಬರಿನಲ್ಲಿ ಅಮೆರಿಕದ ಎಂಐಟಿಯ ಲಿ-ಹುಯಿ ತ್ಸಾಯ್ ಅವರ ತಂಡ ನೇಚರ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಅಮಿಲಾಯ್ಡ್ ಜಾಸ್ತಿ ಆಗುವ ಹಾಗೆ ವಂಶವಾಹಿ ಬದಲಿಸಿದ ಇಲಿಗಳನ್ನು ಕತ್ತಲೆ ಪೆಟ್ಟಿಗೆಯಲ್ಲಿಟ್ಟು ಒಂದು ಗಂಟೆ 40 ಹರ್ಟ್ಜ್‌ನಲ್ಲಿ ಎಲ್‌ಇಡಿ ಮಿನುಗಿಸಿದರು. ದೃಷ್ಟಿಗೆ ಸಂಬಂಧಪಟ್ಟ ಮೆದುಳಿನ ಭಾಗದಲ್ಲಿ ಅಮಿಲಾಯ್ಡ್ ಸುಮಾರು ಅರ್ಧದಷ್ಟು ಇಳಿಯಿತು. ಮೆದುಳಿನ ಕಸ ಗುಡಿಸುವ ಮೈಕ್ರೋಗ್ಲಿಯಾ ಎಂಬ ಕೋಶಗಳು ದಪ್ಪಗಾಗಿ ಅಮಿಲಾಯ್ಡನ್ನು ನುಂಗುತ್ತಿರುವುದು ಕಂಡಿತು. 20 ಹರ್ಟ್ಜ್, 80 ಹರ್ಟ್ಜ್, ಕ್ರಮವಿಲ್ಲದ ಮಿನುಗು ಯಾವುದರಿಂದಲೂ ಈ ಪರಿಣಾಮ ಆಗಲಿಲ್ಲ. ಒಂದೇ ಗಂಟೆ ಕೊಟ್ಟು ಬಿಟ್ಟರೆ ಒಂದು ದಿನದಲ್ಲಿ ಅಮಿಲಾಯ್ಡ್ ಮೊದಲಿನಷ್ಟೇ ಆಗುತ್ತಿತ್ತು. ಏಳು ದಿನ ಕೊಟ್ಟಾಗ ಗಟ್ಟಿಯಾದ ಕಲೆಗಳೂ ಕಡಿಮೆಯಾದವು.

2019ರಲ್ಲಿ ಅದೇ ತಂಡ ಬೆಳಕಿನ ಬದಲು ಶಬ್ದ ಬಳಸಿತು. ಒಂದು ಮಿಲಿಸೆಕೆಂಡ್ ಉದ್ದದ ಟಿಕ್ ಶಬ್ದ, ಸೆಕೆಂಡಿಗೆ 40 ಸಲ. ಇದರಿಂದ ನೆನಪಿಗೆ ಮುಖ್ಯವಾದ ಹಿಪ್ಪೋಕ್ಯಾಂಪಸ್‌ನಲ್ಲೂ ಅಮಿಲಾಯ್ಡ್ ಇಳಿಯಿತು, ಇಲಿಗಳು ನೆನಪಿನ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದವು. ಬೆಳಕು ಮತ್ತು ಶಬ್ದ ಎರಡನ್ನೂ ಸೇರಿಸಿದಾಗ ಪರಿಣಾಮ ಮೆದುಳಿನ ಮುಂಭಾಗದವರೆಗೂ ಹೋಯಿತು. ಅದೇ ವರ್ಷ ಬಂದ ಇನ್ನೊಂದು ಪ್ರಬಂಧದಲ್ಲಿ ಹಲವು ವಾರ ಬೆಳಕು ಕೊಟ್ಟ ಇಲಿಗಳಲ್ಲಿ ನರಕೋಶಗಳ ಸಾವೇ ಕಡಿಮೆಯಾಗಿತ್ತು. ಆ ಪ್ರಬಂಧದ ಮೊದಲ ಲೇಖಕ ಚಿನ್ನಕ್ಕರುಪ್ಪನ್ ಅಡೈಕ್ಕನ್ ಆಮೇಲೆ ಬೆಂಗಳೂರಿಗೆ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನಲ್ಲಿ ತಮ್ಮ ಪ್ರಯೋಗಾಲಯ ಶುರು ಮಾಡಿದರು. 2024ರಲ್ಲಿ ತ್ಸಾಯ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೆದುಳನ್ನು ತೊಳೆಯುವ ದ್ರವದ ಹರಿವು 40 ಹರ್ಟ್ಜ್‌ನಿಂದ ಜಾಸ್ತಿಯಾಗುತ್ತದೆ ಎಂದು ತೋರಿಸಿತು. ಚಿಕ್ಕಪ್ಪನ ವಿಡಿಯೋದ "ಮೆದುಳಿನ ಕಸ ತೊಳೆಯುವುದು" ಇಲ್ಲಿಂದ ಬಂದದ್ದು.

ಇಷ್ಟು ಓದಿದಾಗ ನನಗೆ ದೀಪ ಹಚ್ಚಿಯೇ ಬಿಡಬೇಕು ಅನ್ನಿಸಿತ್ತು. ಆದರೆ 2023ರ ಒಂದು ಪ್ರಬಂಧ ನನ್ನನ್ನು ತಡೆಯಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯೋರ್ಗಿ ಬುಝಾಕಿ ಮೆದುಳಿನ ತಾಳಗಳ ಬಗ್ಗೆ ಜಗತ್ತಿನಲ್ಲೇ ದೊಡ್ಡ ಹೆಸರು. ಅವರ ತಂಡ ಎರಡು ಬಗೆಯ ಅಲ್ಝೈಮರ್ ಇಲಿಗಳಲ್ಲಿ ಇದೇ ಪ್ರಯೋಗ ಮಾಡಿತು. ಅಮಿಲಾಯ್ಡ್ ಇಳಿದದ್ದು ಕಾಣಲಿಲ್ಲ. ಮೈಕ್ರೋಗ್ಲಿಯಾ ಬದಲಾದದ್ದೂ ಕಾಣಲಿಲ್ಲ. ಮೆದುಳಿನ ಸ್ವಂತ ಗಾಮಾ ತಾಳ ಈ ಮಿನುಗಿಗೆ ಹೊಂದಿಕೊಳ್ಳುವುದೇ ಇಲ್ಲ ಎಂದು ಅವರು ಬರೆದರು. ಇಲಿಯಲ್ಲೇ ಎರಡು ದೊಡ್ಡ ಪ್ರಯೋಗಾಲಯಗಳ ಉತ್ತರ ಹೊಂದಿಕೆಯಾಗುವುದಿಲ್ಲ ಅಂದಮೇಲೆ ಅಜ್ಜಿಯ ವಿಷಯದಲ್ಲಿ ನಾನು ಅವಸರ ಮಾಡುವುದು ಹೇಗೆ?

ಮನುಷ್ಯರಲ್ಲಿ ಏನಾಯಿತು?

ಮನುಷ್ಯರ ಮೇಲಿನ ಪರೀಕ್ಷೆಗಳು ಇನ್ನೂ ಚಿಕ್ಕವು. 2022ರಲ್ಲಿ ಎಂಐಟಿ ತಂಡ ಪ್ರಕಟಿಸಿದ ಪರೀಕ್ಷೆಯಲ್ಲಿ ಇದ್ದವರು 15 ಜನ. ದಿನಾ ಒಂದು ಗಂಟೆಯ ಹಾಗೆ ಮೂರು ತಿಂಗಳು ಮನೆಯಲ್ಲೇ ಬೆಳಕು ಮತ್ತು ಶಬ್ದ. ಅರ್ಧ ಜನರಿಗೆ ನಿಜವಾದ 40 ಹರ್ಟ್ಜ್, ಉಳಿದವರಿಗೆ ಹೋಲಿಕೆಗಾಗಿ ಬೇರೆ ಬೆಳಕು, ಬೇರೆ ಶಬ್ದ. ಸುರಕ್ಷಿತ ಎಂದು ಕಂಡಿತು. ನಿಜವಾದ ಗುಂಪಿನಲ್ಲಿ ಮೆದುಳು ಕುಗ್ಗುವುದು ಕಡಿಮೆ ಇತ್ತು, ಮುಖಕ್ಕೆ ಹೆಸರು ಜೋಡಿಸುವ ಪರೀಕ್ಷೆ ಸ್ವಲ್ಪ ಚೆನ್ನಾಗಿತ್ತು. 15 ಜನ ಅಂದ್ರೆ ನಮ್ಮ ಒಂದು ಲ್ಯಾಬ್ ಬ್ಯಾಚಿಗಿಂತ ಕಡಿಮೆ. ಇಬ್ಬರು ಮೂವರ ಫಲಿತಾಂಶ ಬೇರೆಯಾದರೆ ಇಡೀ ಸರಾಸರಿಯೇ ಬೇರೆಯಾಗುತ್ತದೆ.

ಕಾಗ್ನಿಟೋ ಎಂಬ ಕಂಪನಿ ಕನ್ನಡಕ ಮತ್ತು ಹೆಡ್‌ಫೋನ್ ಇರುವ ಸಾಧನ ಮಾಡಿ 70ಕ್ಕೂ ಹೆಚ್ಚು ಜನರಲ್ಲಿ ಆರು ತಿಂಗಳು ಪರೀಕ್ಷಿಸಿತು. ದಿನನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿ ನಿಧಾನವಾಗಿ ಕುಸಿಯಿತು, ಮೆದುಳು ಕಡಿಮೆ ಕುಗ್ಗಿತು. ಆದರೆ ಮುಖ್ಯ ಅಳತೆ ಅಂತ ಮೊದಲೇ ಇಟ್ಟುಕೊಂಡಿದ್ದ ಒಟ್ಟು ಬುದ್ಧಿಶಕ್ತಿಯ ಅಂಕದಲ್ಲಿ ಎರಡು ಗುಂಪಿಗೆ ಸ್ಪಷ್ಟ ವ್ಯತ್ಯಾಸ ಬರಲಿಲ್ಲ. ಅದಕ್ಕಾಗಿಯೇ 600ಕ್ಕೂ ಹೆಚ್ಚು ಜನರನ್ನು ಸೇರಿಸಿ ಒಂದು ವರ್ಷದ ದೊಡ್ಡ ಪರೀಕ್ಷೆ ಶುರು ಮಾಡಿದರು. ಈ ಪ್ರಶ್ನೆಗೆ ತಕ್ಕ ಗಾತ್ರದ ಪರೀಕ್ಷೆ ಅಂದ್ರೆ ಅದೇ.

ಹೋಲಿಕೆಯ ಗುಂಪು ಯಾಕೆ ಇಷ್ಟು ಮುಖ್ಯ ಅಂತ ನನಗೆ ಮೊದಲು ಸರಿಯಾಗಿ ಅರ್ಥವಾಗಿರಲಿಲ್ಲ. ನಮ್ಮ ಮನೆಯನ್ನೇ ತಗೊಳ್ಳಿ. ನಾನು ದೀಪ ಕೊಟ್ಟರೆ ಯಾರಾದ್ರೂ ಒಬ್ಬರು ದಿನಾ ಒಂದು ಗಂಟೆ ಅಜ್ಜಿಯ ಪಕ್ಕದಲ್ಲಿ ಕೂರಲೇಬೇಕು. ಇಲ್ಲಾಂದ್ರೆ ಅವಳು ಎದ್ದು ತೋಟಕ್ಕೆ ಹೊರಟುಬಿಡ್ತಾಳೆ. ಪಕ್ಕದಲ್ಲಿ ಕೂತವರು ಸುಮ್ಮನಿರ್ತಾರಾ? ಮಾತಾಡಿಸ್ತಾರೆ, ಹಳೇ ಕಥೆ ಕೇಳ್ತಾರೆ. ತಿಂಗಳು ಬಿಟ್ಟು ಅಜ್ಜಿ ಗೆಲುವಾಗಿ ಕಂಡರೆ ಅದು ದೀಪದಿಂದಲೋ ಮಾತಿನಿಂದಲೋ? ಸುಳ್ಳು ದೀಪದ ಮುಂದೆಯೂ ಅಷ್ಟೇ ಹೊತ್ತು ಕೂರಿಸಿದ ಇನ್ನೊಂದು ಗುಂಪು ಇಲ್ಲದಿದ್ದರೆ ಇದನ್ನು ಹೇಳುವುದಕ್ಕೇ ಆಗುವುದಿಲ್ಲ.

ಬೆಂಗಳೂರಿನ ಕಪ್ಪು-ಬಿಳಿ ಪಟ್ಟೆಗಳು

ಇಲ್ಲಿಯವರೆಗೆ ಬಂದದ್ದು ಅಮೆರಿಕದ ಸುದ್ದಿ. ನನಗೆ ಈ ವಿಷಯ ನಿಜವಾಗಿ ಹಿಡಿಸಿದ್ದು ನಮ್ಮ ರಾಜ್ಯದಲ್ಲೇ ಆದ ಒಂದು ಕೆಲಸ ಓದಿದ ಮೇಲೆ.

ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ಸುಪ್ರತಿಮ್ ರೇ ಅವರ ತಂಡ ಗಾಮಾ ತಾಳವನ್ನು ಹಲವು ವರ್ಷಗಳಿಂದ ಅಳೆಯುತ್ತಿದೆ. ಅವರ ವಿಧಾನ ಸರಳ. ಪರದೆ ತುಂಬಾ ದೊಡ್ಡ ಕಪ್ಪು-ಬಿಳಿ ಪಟ್ಟೆಗಳ ಚಿತ್ರ ತೋರಿಸುವುದು, ತಲೆಗೆ ಇಇಜಿ ಟೋಪಿ ಹಾಕುವುದು. ಆ ಪಟ್ಟೆಗಳು ಮಿನುಗುವುದಿಲ್ಲ, ಸುಮ್ಮನೆ ನಿಂತಿರುತ್ತವೆ. ಆದರೂ ನೋಡುವವರ ಮೆದುಳಿನಲ್ಲಿ ಗಾಮಾ ತಾನಾಗಿಯೇ ಏಳುತ್ತದೆ. ಅದೂ ಒಂದಲ್ಲ ಎರಡು. 20ರಿಂದ 34 ಹರ್ಟ್ಜ್‌ನ ನಿಧಾನ ಗಾಮಾ, 36ರಿಂದ 66 ಹರ್ಟ್ಜ್‌ನ ವೇಗದ ಗಾಮಾ. ಆರೋಗ್ಯವಂತ ಹಿರಿಯರಲ್ಲೂ ವಯಸ್ಸಾದಂತೆ ಎರಡೂ ಗಾಮಾ ಇಳಿಯುತ್ತವೆ ಎಂದು 2020ರಲ್ಲಿ ತೋರಿಸಿದರು.

2021ರಲ್ಲಿ ಇ-ಲೈಫ್ ಪತ್ರಿಕೆಯಲ್ಲಿ ಮುಂದಿನ ಭಾಗ ಬಂತು. ಸಮುದಾಯದಿಂದ ಬಂದ, 50 ಮತ್ತು ಮೇಲಿನ ವಯಸ್ಸಿನ 244 ಜನರಿಗೆ ಈ ಪಟ್ಟೆಗಳನ್ನು ತೋರಿಸಿದ್ದರು. ಅವರಲ್ಲಿ 227 ಜನ ಆರೋಗ್ಯವಂತರು, 12 ಜನರಿಗೆ ಡಿಮೆನ್ಷಿಯಾಕ್ಕಿಂತ ಮೊದಲಿನ ಹಂತವಾದ ಅಲ್ಪ ಮರೆವು, 5 ಜನರಿಗೆ ಅಲ್ಝೈಮರ್. ಅದೇ ವಯಸ್ಸಿನ, ಅದೇ ಲಿಂಗದ ಆರೋಗ್ಯವಂತರ ಜೊತೆ ಹೋಲಿಸಿದಾಗ ಈ 17 ಜನರಲ್ಲಿ ಗಾಮಾ ಕಡಿಮೆ ಇತ್ತು. ಅಂದ್ರೆ ಇಲಿಯಲ್ಲಿ ಕಂಡದ್ದು ನಮ್ಮ ಬೆಂಗಳೂರಿನ ಹಿರಿಯರಲ್ಲೂ ಕಂಡಿತು. ರೋಗ ಪೂರ್ತಿ ಬಲಿಯುವ ಮೊದಲೇ ಕಂಡಿತು ಅನ್ನೋದು ಇಲ್ಲಿ ವಿಶೇಷ. ಇಇಜಿ ಅಗ್ಗ, ಸೂಜಿ ಚುಚ್ಚಬೇಕಾಗಿಲ್ಲ. ಮುಂದೆ ರೋಗ ಪತ್ತೆಗೆ ಇದನ್ನು ಬಳಸಬಹುದು ಎಂದು ಅವರು ಸೂಚಿಸಿದರು.

ಅದೇ ಪ್ರಬಂಧದಲ್ಲಿ ಇನ್ನೊಂದು ಸಾಲು ಇದೆ, ನಮ್ಮ ದೀಪಕ್ಕೆ ನೇರ ಸಂಬಂಧಪಟ್ಟದ್ದು. ನಿಂತ ಪಟ್ಟೆಯ ಜೊತೆಗೆ ಅವರು ಮಿನುಗುವ ಪಟ್ಟೆಯನ್ನೂ ತೋರಿಸಿ, ಮಿನುಗಿಗೆ ಮೆದುಳು ಕೊಡುವ ಉತ್ತರವನ್ನು ಅಳೆದಿದ್ದರು. ಈ ಉತ್ತರ ಮರೆವು ಇದ್ದವರಲ್ಲಿ ಕಡಿಮೆ ಇರಲಿಲ್ಲ, ಆರೋಗ್ಯವಂತರಷ್ಟೇ ಇತ್ತು! ಮೆದುಳು ತಾನಾಗಿ ಹಾಕುವ ತಾಳ ಕುಂದಿದೆ, ಹೊರಗಿನ ಮಿನುಗಿಗೆ ಕೊಡುವ ಉತ್ತರ ಕುಂದಿಲ್ಲ. ಹಾಗಾದ್ರೆ ಎರಡೂ ಒಂದೇ ವಸ್ತು ಅಲ್ಲ.

ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಕ್ಲಾಸಿಗೆ ವಾಪಸ್

ಇದನ್ನು ನಾವು ಮೂರನೇ ಸೆಮಿಸ್ಟರಿನ ಭಾಷೆಯಲ್ಲೇ ಅರ್ಥ ಮಾಡಿಕೊಳ್ಳಬಹುದು. ಲೀನಿಯರ್ ಸಿಸ್ಟಮ್ಮಿಗೆ 40 ಹರ್ಟ್ಜ್ ಸೈನ್ ಕೊಟ್ಟರೆ ಹೊರಗೆ 40 ಹರ್ಟ್ಜ್ ಸೈನೇ ಬರುತ್ತದೆ. ಅದು ಆಸಿಲೇಟರ್ ಆಗಿರಬೇಕು ಅಂತಿಲ್ಲ, ಬರೀ ಒಂದು ಆರ್‌ಸಿ ಸರ್ಕ್ಯೂಟ್ ಆದರೂ ಸಾಕು. ಮೆದುಳು ಲೀನಿಯರ್ ಅಲ್ಲ ನಿಜ. ಆದರೂ 40 ಹರ್ಟ್ಜ್ ಬೆಳಕು ಹಾಕಿ, ಇಇಜಿಯ ಎಫ್‌ಎಫ್‌ಟಿಯಲ್ಲಿ 40ರ ಹತ್ತಿರ ಒಂದು ಶಿಖರ ತೋರಿಸಿ, "ನೋಡಿ, ಗಾಮಾ ವಾಪಸ್ ಬಂತು" ಅಂದ್ರೆ ಒಪ್ಪುವ ಹಾಗಿಲ್ಲ. ಹಾಕಿದ್ದೇ ಹೊರಗೆ ಬಂದಿರಬಹುದು.

ನಮ್ಮ ತೋಟದ ಉದಾಹರಣೆ ಹೇಳುವುದಾದರೆ, ಎಳೇ ಅಡಿಕೆ ಮರವನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ನಮ್ಮ ಕೈ ಹೋದ ಹಾಗೆ ಅದು ಅಲುಗುತ್ತದೆ. ಗಾಳಿ ಬಂದಾಗ ಅದೇ ಮರ ತನ್ನದೇ ಲಯದಲ್ಲಿ ತೂಗುತ್ತದೆ. ಕೈಯ ಲಯ ಮರದ ಸ್ವಂತ ಲಯವನ್ನು ಹಿಡಿದು ತನ್ನ ಜೊತೆ ಕಟ್ಟಿಕೊಂಡರೆ ಅದು ಲಾಕ್ ಆಗುವುದು, ಪಿಎಲ್‌ಎಲ್‌ನಲ್ಲಿ ಆಗುವ ಹಾಗೆ. ಬರೀ ಅಲುಗುವುದು ಬೇರೆ, ಲಾಕ್ ಆಗುವುದು ಬೇರೆ. ತ್ಸಾಯ್ ಮತ್ತು ಬುಝಾಕಿ ತಂಡಗಳ ನಡುವಿನ ಜಗಳದ ತಿರುಳು ಹೆಚ್ಚು ಕಮ್ಮಿ ಇಷ್ಟೇ.

ಹಾಗಂತ ಬೆಂಗಳೂರಿನ ಫಲಿತಾಂಶ ದೀಪದ ಚಿಕಿತ್ಸೆಯನ್ನು ಸುಳ್ಳು ಮಾಡಿಬಿಟ್ಟಿತು ಅಂತ ನಾನು ಹೇಳುತ್ತಿಲ್ಲ. ಅದನ್ನು ಎರಡು ರೀತಿ ಓದಬಹುದು. ಮರೆವು ಬಂದವರ ಮೆದುಳಿಗೂ ಮಿನುಗು ಚೆನ್ನಾಗಿಯೇ ತಲುಪುತ್ತದೆ, ಆದ್ದರಿಂದ ಚಿಕಿತ್ಸೆಗೆ ಬಾಗಿಲು ತೆರೆದಿದೆ ಅನ್ನೋದು ಒಂದು. ಮಿನುಗಿನ ಉತ್ತರ ಎಷ್ಟೇ ಜೋರಾಗಿದ್ದರೂ ಕುಂದಿಹೋದ ಸ್ವಂತ ತಾಳ ಸರಿಯಾಯಿತು ಅನ್ನಲು ಅದು ಸಾಕ್ಷಿಯಾಗುವುದಿಲ್ಲ ಅನ್ನೋದು ಇನ್ನೊಂದು. 17 ಜನರ ಮೇಲೆ ನಿಂತ ಮಾತಾದ್ದರಿಂದ ಇನ್ನೂ ದೊಡ್ಡ ಗುಂಪಿನಲ್ಲಿ ನೋಡಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯ ಒಂದು ಅಧ್ಯಯನವನ್ನು ಸೆಂಟರ್ ಫಾರ್ ಬ್ರೈನ್ ರಿಸರ್ಚ್ 2018ರಿಂದ ನಡೆಸುತ್ತಿದೆ. ನಮ್ಮ ಹಳ್ಳಿಗಳ ಮರೆವಿನ ಬಗ್ಗೆ ಗಟ್ಟಿಯಾದ ಉತ್ತರ ಇಂಥ ಕಡೆಯಿಂದ ಬರಬೇಕು.

ನಾನು ಮಾಡಿದ ದೀಪದ ತಪ್ಪುಗಳು

ಈಗ ನನ್ನ ದೀಪದ ವಿಷಯ. ಲ್ಯಾಬಿಗೆ ಬಂದು ಫೋಟೋಡಯೋಡ್ ಇಟ್ಟು ಆಸಿಲೋಸ್ಕೋಪಿನಲ್ಲಿ ನೋಡಿದೆ. 41.67 ಹರ್ಟ್ಜ್! 40 ಹರ್ಟ್ಜ್ ಅಂದ್ರೆ 25 ಮಿಲಿಸೆಕೆಂಡ್, ಅರ್ಧ ಆನ್ ಅರ್ಧ ಆಫ್, ಆದ್ದರಿಂದ ಡಿಲೇ 12.5 ಅಂತ ಕೊಟ್ಟಿದ್ದೆ. ಆರ್ಡುಯಿನೋದ ಡಿಲೇ ಪೂರ್ಣಾಂಕ ಮಾತ್ರ ತಗೊಳ್ತದೆ. 12.5 ಹೋಗಿ 12 ಆಯಿತು, 25 ಹೋಗಿ 24 ಆಯಿತು. ಮೈಕ್ರೋಸೆಕೆಂಡ್ ಡಿಲೇಗೆ 12500 ಕೊಟ್ಟ ಮೇಲೆ ಸರಿಯಾಯಿತು. 20 ಮತ್ತು 80 ಕೆಲಸ ಮಾಡಲಿಲ್ಲ ಎಂದು ಹೇಳುವ ಚಿಕಿತ್ಸೆಯಲ್ಲಿ ನಾನು ಅಳೆಯದೇ ಅಜ್ಜಿಗೆ ಹಚ್ಚಲು ಹೊರಟಿದ್ದೆ.

ಯೂಟ್ಯೂಬಿನ "40 ಹರ್ಟ್ಜ್ ಲೈಟ್" ವಿಡಿಯೋಗಳ ಕಥೆ ಇನ್ನೂ ಕಷ್ಟ. 30 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಬೆಳಕು, ಒಂದು ಫ್ರೇಮ್ ಕತ್ತಲೆ ಅಂದ್ರೂ ಸಿಗುವುದು 15 ಹರ್ಟ್ಜ್. 60 ಫ್ರೇಮಿನಲ್ಲಿ ಗರಿಷ್ಠ 30. ನೈಕ್ವಿಸ್ಟ್ ಬಿಡುವುದಿಲ್ಲ. ಶಬ್ದದ ವಿಡಿಯೋಗಳಲ್ಲೂ ಹೀಗೇ. ಪ್ರಯೋಗದಲ್ಲಿ ಬಳಸಿದ್ದು ಸೆಕೆಂಡಿಗೆ 40 ಸಲ ಬರುವ ಚಿಕ್ಕ ಟಿಕ್. ಈ ವಿಡಿಯೋಗಳಲ್ಲಿ ಬಹಳಷ್ಟು 40 ಹರ್ಟ್ಜ್‌ನ ಗುಂಯ್ ಸ್ವರ ಇರುತ್ತದೆ. ಮೊಬೈಲಿನ ಚಿಕ್ಕ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಸರಿಯಾಗಿ ಹೊರಡಿಸುವ ತಾಕತ್ತೇ ಇಲ್ಲ.

ಇದಕ್ಕಿಂತ ಗಂಭೀರವಾದ್ದು ಅಪಾಯ. ಮಿನುಗುವ ಬೆಳಕು ಕೆಲವರಲ್ಲಿ ಫಿಟ್ಸ್ ತರುತ್ತದೆ. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯಲ್ಲಿ ಪೋಕೆಮಾನ್‌ನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ 12 ಸಲ ಮಿನುಗಿ ಆರುನೂರಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ದರು. ಅಲ್ಝೈಮರ್ ಇರುವವರಿಗೆ ಫಿಟ್ಸ್ ಬರುವ ಸಂಭವ ಬೇರೆಯವರಿಗಿಂತ ಹೆಚ್ಚು. ಪರೀಕ್ಷೆಗೆ ಸೇರಿಸಿಕೊಳ್ಳುವಾಗ ಅಂಥವರನ್ನು ಮೊದಲೇ ಗುರುತಿಸಿ ಹೊರಗಿಡುತ್ತಾರೆ, ವೈದ್ಯರು ನಿಗಾ ಇಡುತ್ತಾರೆ. ರಾತ್ರಿ ಮಳೆಗೆ ಕರೆಂಟು ಹೋಗಿ, ದಾರಿಗೆ ಮರ ಬಿದ್ದಿರುವ ಊರಿನಲ್ಲಿ ಅಜ್ಜಿಗೆ ಫಿಟ್ಸ್ ಬಂದರೆ ನಾನೇನು ಮಾಡಲಿ? ಮೈಗೆ ಚುಚ್ಚುವುದಿಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತ ಅರ್ಥ ಅಲ್ಲ.

ಕಿವಿ, ಕಣ್ಣು, ಮಾತು

ಓದುತ್ತಾ ಹೋದಾಗ ಇಂದ್ರಿಯಗಳ ಮೂಲಕ ಮೆದುಳನ್ನು ಕಾಪಾಡುವ ಬೇರೆ ದಾರಿಗಳೂ ಸಿಕ್ಕವು. ಅವು ದೀಪದಷ್ಟು ಹೊಸದಲ್ಲ, ಅದಕ್ಕೇ ಯಾರೂ ವಿಡಿಯೋ ಮಾಡುವುದಿಲ್ಲ. ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ 14 ಅಪಾಯಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು 45 ಶೇಕಡಾ ತಪ್ಪಿಸಬಹುದು ಅಥವಾ ಮುಂದೂಡಬಹುದು. ಬಿಪಿ, ಸಕ್ಕರೆ ಕಾಯಿಲೆ, ತಂಬಾಕು, ಒಂಟಿತನ ಇವುಗಳ ಜೊತೆಗೆ ಕಿವಿ ಕೇಳದಿರುವುದು ಮತ್ತು ಕಣ್ಣು ಕಾಣದಿರುವುದು ಎರಡೂ ಆ ಪಟ್ಟಿಯಲ್ಲಿವೆ. ಡಿಮೆನ್ಷಿಯಾ ಇಲ್ಲದ, ಆದರೆ ಕಿವಿ ಮಂದವಾದ 977 ಹಿರಿಯರ ಮೇಲೆ ಅಮೆರಿಕದಲ್ಲಿ ಮಾಡಿದ ಮೂರು ವರ್ಷದ ಪರೀಕ್ಷೆ 2023ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಸೇರಿಸಿ ನೋಡಿದಾಗ ಶ್ರವಣ ಸಾಧನದಿಂದ ವ್ಯತ್ಯಾಸ ಆಗಲಿಲ್ಲ. ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿಯ ಕುಸಿತ 48 ಶೇಕಡಾ ನಿಧಾನವಾಯಿತು. ಕಾಯಿಲೆ ಬಂದ ಮೇಲೂ, ಗುಂಪಿನಲ್ಲಿ ಕೂರಿಸಿ ಮಾತು, ಹಾಡು, ಹಳೆಯ ವಸ್ತು, ಆಟಗಳ ಮೂಲಕ ನಡೆಸುವ ಚಟುವಟಿಕೆಯಿಂದ ಸಣ್ಣದಾದರೂ ನಿಜವಾದ ಲಾಭ ಇದೆ ಎಂದು ಹಲವು ಪರೀಕ್ಷೆಗಳು ಹೇಳಿವೆ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯಲ್ಲೇ ಅದು ಇದೆ.

ಇನ್ನೂ ಒಂದು ಮುಖ್ಯ ವಿಷಯ. ಮರೆವೆಲ್ಲ ಅಲ್ಝೈಮರ್ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ ಇವೂ ಮರೆವು ತರುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಬರೀ ಸಸ್ಯಾಹಾರ ತಿನ್ನುವ ನಮ್ಮಂಥ ಮನೆಗಳಲ್ಲಿ ಬಿ12 ನೋಡಿಸಲೇಬೇಕು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ನಡೆಸುವ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್‌ನಲ್ಲಿ ಜಿಲ್ಲಾ ಆಸ್ಪತ್ರೆಗಳಿಗೂ ಮೆದುಳು ಆರೋಗ್ಯ ಕ್ಲಿನಿಕ್ ಬಂದಿದೆ. ಮೊದಲ ತಪಾಸಣೆಗೆ ಅಲ್ಲಿಗೆ ಹೋಗಬಹುದು.

ದೀಪ ಹಚ್ಚದೇ ಇದ್ದ ತಪ್ಪಿಗೆ ನಾನು ಅಪ್ಪನ ಹತ್ತಿರ ಹಠ ಮಾಡಿ ಅಜ್ಜಿಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗುವ ಹಾಗೆ ಮಾಡಿದೆ. ಡಾಕ್ಟರು ಪರೀಕ್ಷೆ ಎಲ್ಲ ಮಾಡಿ ಅಲ್ಝೈಮರ್ ಇರಬಹುದು ಅಂದರು. ಬಿ12 ಕಡಿಮೆ ಇತ್ತು, ಅದಕ್ಕೆ ಇಂಜೆಕ್ಷನ್ ಶುರುವಾಗಿದೆ. ಎರಡೂ ಕಿವಿ ತುಂಬಾ ಮಂದವಾಗಿತ್ತು. "ಏನು ಕೇಳಿದ್ರೂ ಏನೋ ಉತ್ತರ ಕೊಡ್ತಾಳೆ" ಅಂತ ನಾವು ಮರೆವಿನ ಲೆಕ್ಕಕ್ಕೆ ಹಾಕಿದ್ದರಲ್ಲಿ ಸ್ವಲ್ಪ ಭಾಗ ಕಿವಿಯದ್ದು. ಈಗ ಒಂದು ಕಿವಿಗೆ ಮಷೀನು ಇದೆ. ಪವಾಡ ಏನೂ ಆಗಿಲ್ಲ. ನನ್ನ ಹೆಸರು ಅವಳಿಗೆ ಇನ್ನೂ ಬರುವುದಿಲ್ಲ, ಮುಂದೆ ಬರ್ತದೆ ಅಂತ ಡಾಕ್ಟರೂ ಹೇಳಲಿಲ್ಲ. ಆದರೆ ಅಡಿಕೆ ಸುಲಿಯಲು ಎಲ್ಲರ ಜೊತೆ ಕೂತಾಗ ಮಾತಿಗೆ ಮಾತು ಸೇರಿಸ್ತಾಳೆ. ಮೆಟ್ಟುಗತ್ತಿಯ ಮೇಲೆ ಅವಳ ಕೈ ಇವತ್ತಿಗೂ ತಪ್ಪುವುದಿಲ್ಲ. ಕೈ ಕಲಿತ ಕೆಲಸದ ನೆನಪು ಮೆದುಳಿನ ಬೇರೆ ಭಾಗಗಳಲ್ಲಿ ಇರುವುದರಿಂದ ಅದು ಕೊನೆಗೆ ಹೋಗುವಂಥದ್ದು ಅಂತ ಓದಿದ ಮೇಲೆ, ಅವಳ ಕೈಯಿಂದ ಕತ್ತಿ ಕಿತ್ತುಕೊಳ್ಳಬೇಡಿ, ಪಕ್ಕದಲ್ಲಿ ಒಬ್ಬರು ಕೂರಿ ಅಂತ ಮನೆಯಲ್ಲಿ ಹೇಳಿದ್ದೇನೆ.

ನಮ್ಮ ಪ್ರಾಜೆಕ್ಟ್ ಯಾವುದಾಗಬೇಕು?

ಫೈನಲ್ ಇಯರ್ ಪ್ರಾಜೆಕ್ಟಿಗೆ "ಅಲ್ಝೈಮರ್ ಚಿಕಿತ್ಸೆಗೆ 40 ಹರ್ಟ್ಜ್ ಕನ್ನಡಕ" ಅಂತ ಹಾಕಿದ್ರೆ ಮಾರ್ಕ್ಸ್ ಬರಬಹುದು. ದಯವಿಟ್ಟು ಅದನ್ನು ರೋಗಿಗಳ ಮೇಲೆ ಹಾಕಬೇಡಿ. ನೈತಿಕ ಸಮಿತಿಯ ಒಪ್ಪಿಗೆ ಮತ್ತು ವೈದ್ಯರು ಇಲ್ಲದೆ ಮನುಷ್ಯರ ಮೇಲೆ ಇಂಥ ಪರೀಕ್ಷೆ ಮಾಡುವ ಹಾಗಿಲ್ಲ. ಅದರ ಬದಲು ಮಾಡುವುದಕ್ಕೆ ಬೇಕಾದಷ್ಟಿದೆ. ಕಡಿಮೆ ಖರ್ಚಿನಲ್ಲಿ, ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಕೆಲಸ ಮಾಡುವ ಇಇಜಿ ಆಂಪ್ಲಿಫಯರ್ ಮಾಡಬಹುದು. ನಮ್ಮ 50 ಹರ್ಟ್ಜ್ ಕರೆಂಟಿನ ಗುಂಯ್ ಶಬ್ದ ಗಾಮಾದ ನಡುವೆಯೇ ಬಂದು ಕೂರುತ್ತದೆ. ಗಾಮಾ ಉಳಿಸಿ ಅದನ್ನು ಮಾತ್ರ ತೆಗೆಯುವ ಫಿಲ್ಟರ್ ಒಂದು ಒಳ್ಳೆಯ ಸಮಸ್ಯೆ. ಮಾರುಕಟ್ಟೆಯಲ್ಲಿ, ಆ್ಯಪ್‌ಗಳಲ್ಲಿ ಸಿಗುವ "40 ಹರ್ಟ್ಜ್" ದೀಪಗಳು ನಿಜಕ್ಕೂ ಎಷ್ಟು ಹರ್ಟ್ಜ್ ಅಂತ ಫೋಟೋಡಯೋಡಿನಲ್ಲಿ ಅಳೆದು ತೋರಿಸುವುದೂ ಒಂದು ಉಪಯೋಗದ ಕೆಲಸ. ಕನ್ನಡದಲ್ಲಿ, ಕಿವಿ ಮಂದವಾದವರಿಗೂ ಆಗುವ ನೆನಪಿನ ಪರೀಕ್ಷೆಯ ಆ್ಯಪ್ ಇನ್ನೊಂದು.

ಚಿಕ್ಕಪ್ಪ ಮೊನ್ನೆ ಫೋನಿನಲ್ಲಿ "ದೀಪ ಎಂತಾತು?" ಅಂತ ಕೇಳಿದ. "ದೊಡ್ಡ ಪರೀಕ್ಷೆಯಲ್ಲಿ ಗೆದ್ದರೆ ನಾನೇ ತಂದು ಹಚ್ಚಿ ಕೊಡ್ತೆ, ಅಲ್ಲಿವರೆಗೆ ಆ ಒಂದು ಗಂಟೆ ನೀನೇ ಅಜ್ಜಿ ಹತ್ರ ಕೂತ್ಕ" ಅಂದೆ. ಸರ್ಕ್ಯೂಟ್ ನನ್ನ ಹಾಸ್ಟೆಲ್ ರೂಮಿನ ಡ್ರಾಯರಿನಲ್ಲಿದೆ. ಯಾರಿಗಾದ್ರೂ ಅಳತೆ ಮಾಡಿ ನೋಡಬೇಕು ಅಂತಿದ್ದರೆ ಬಂದು ತಗೊಂಡು ಹೋಗಬಹುದು.